ಎರಿಯ ಹದ, ಎತ್ತಿನ ನಿಗಾ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಿಸಿಲಲ್ಲಿ ಬಸ್ಸು ಹತ್ತಿ ಬಂದ ಬಂಧುಗಳೆ,

ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಒಕ್ಕಲುತನದವರು. ತೀರಿಕೊಂಡ ತಾಯಿಯ ನೆನಪಿಗೆ ಇಟ್ಟಿದ್ದಾರೆ. ಯಾವ ವಿಷಯದ ಮೇಲೆ ಮಾತಾಡಲಿ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: “ನಮ್ಮವ್ವಗ ಓದಾಕ ಬರತಿದ್ದಿಲ್ಲರಿ ಸರ. ಆದರ ದನದ ಸುದ್ದಿ ಹೇಳಾಕ ಕುಂತಳಂದ್ರ ನಾವು ಯಾರೂ ಎದ್ದು ಹೋಗತಿದ್ದಿಲ್ಲ. ಅದು ಹ್ಯಾಂಗ ಅಂತ ಹೇಳ್ರಿ.” ಮೂವತ್ತು ವರ್ಷ ಕನ್ನಡ ಮಾಸ್ತರಿಕೆ ಮಾಡಿದ ನನಗೆ ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಅದು ಹ್ಯಾಂಗ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಸಾಕ್ಷಿಗಳನ್ನು ಆಮೇಲೆ ಕರೆಯೋಣ. ಬಾಯಿಲ್ಲದ ಜೀವದ ಮೇಲೆ ದಿನಾಲು ನಿಗಾ ಇಟ್ಟವರಿಗೆ ಮಾತು ಬರುತ್ತದೆ. ಎತ್ತು ತನ್ನ ಹೊಟ್ಟೆನೋವನ್ನು ಹೇಳುವುದಿಲ್ಲ, ನೋಡಿ ತಿಳಿಯಬೇಕು. ಎರಿ ಮಣ್ಣು ತನ್ನ ಹಸಿಯನ್ನು ಹೇಳುವುದಿಲ್ಲ, ಹಿಡಿದು ತಿಳಿಯಬೇಕು. ಹಾಗೆ ತಿಳಿದದ್ದನ್ನು ಮನೆಯವರಿಗೂ ಬದುವಿನಾಚೆಯ ಹೊಲದವರಿಗೂ ಹೇಳಬೇಕಾಗುತ್ತದೆ. ಆಗ ಕೈಗೆ ಸಿಕ್ಕ ಮಾತು ಸಾಲುವುದಿಲ್ಲ. ಸರಿಯಾದ ಮಾತಿಗೆ ಹುಡುಕಾಟ ಶುರುವಾಗುತ್ತದೆ. ಸೃಜನಶೀಲತೆ ಎಂದು ನಾವು ಕಾಲೇಜುಗಳಲ್ಲಿ ದೊಡ್ಡ ಹೆಸರಿಟ್ಟು ಕರೆಯುವುದು ನಮ್ಮ ಕಡೆ ದನದ ಕೊಟ್ಟಿಗೆಯಲ್ಲಿ, ಕುರಿಯ ಹಟ್ಟಿಯಲ್ಲಿ, ಬೀಸುಕಲ್ಲಿನ ಮುಂದೆ ಹೀಗೆ ಹುಟ್ಟಿತು.

ನಮ್ಮ ನೆಲವನ್ನು ಹೊರಗಿನವರು ಬರದ ಸೀಮೆ ಎಂದು ಕರೆದು ಮುಗಿಸುತ್ತಾರೆ. ಬರ ನಿಜ. 1876ರಿಂದ 78ರವರೆಗಿನ ಬರದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಸೀಮೆಯಲ್ಲಿ ಮನುಷ್ಯರೂ ದನಗಳೂ ಒಟ್ಟಿಗೇ ಸತ್ತವು. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದೂ ಹೇಳಿದ ದಿನ ಬರುವ ಮಳೆಯಲ್ಲ. ಆದರೆ ಈ ನೆಲಕ್ಕೆ ಇನ್ನೊಂದು ಗುಣವಿದೆ. ಎರಿ ಭೂಮಿ ಕುಡಿದ ನೀರನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಮಹಾರಾಷ್ಟ್ರದ ಜತ್ತ ಕಡೆಯಿಂದ ಬರುವ ಡೋಣಿ ನಮ್ಮ ತಾಲೂಕುಗಳ ನಡುವೆ ನಿಧಾನವಾಗಿ ಸುತ್ತಿ ಕೃಷ್ಣೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಅದರ ನೀರು ಉಪ್ಪು, ಕುಡಿಯಲು ಆಗದು. ಆದರೂ ಡೋಣಿ ಹರಿದ ವರ್ಷ ಓಣಿ ತುಂಬ ಜೋಳ ಎಂಬ ಮಾತನ್ನು ನಮ್ಮ ಹಿರಿಯರು ಇಂದಿಗೂ ಬಿಟ್ಟಿಲ್ಲ. ಉಪ್ಪು ನೀರಿನ ಹೊಳೆಯನ್ನು ಅನ್ನದ ಹೊಳೆಯೆಂದು ಕಂಡ ಕಣ್ಣು ಅದು.

ಇಲ್ಲಿ ಬಿಳಿಜೋಳ ಬಿತ್ತುವುದು ಹಿಂಗಾರಿಗೆ, ಉತ್ತರಿ-ಹಸ್ತ ಮಳೆಗಳ ಹೊತ್ತಿಗೆ. ಬಿತ್ತಿದ ಮೇಲೆ ಮಳೆ ಬರಲಿಕ್ಕಿಲ್ಲ. ನೆಲದ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಪೈರು ತೆನೆಗಟ್ಟುತ್ತದೆ. ಆದ್ದರಿಂದ ಬಿತ್ತುವ ಹೊತ್ತು ತಪ್ಪಬಾರದು. ಮಳೆ ನಿಂತ ಮರುದಿನ ಹೋದರೆ ಎರಿ ಕೂರಿಗೆಯ ತಾಳುಗಳಿಗೆ ಬೆಲ್ಲದ ಪಾಕದಂತೆ ಮೆತ್ತಿಕೊಳ್ಳುತ್ತದೆ. ವಾರ ಬಿಟ್ಟು ಹೋದರೆ ಕಲ್ಲಾಗಿರುತ್ತದೆ. ನಡುವೆ ಎರಡೋ ಮೂರೋ ದಿನ. ಅದಕ್ಕೆ ಹದ ಎಂದು ಹೆಸರು. ನಮ್ಮಪ್ಪ ಮುಂಜಾನೆ ಹೊಲಕ್ಕೆ ಹೋಗಿ ಒಂದು ಮುಷ್ಟಿ ಮಣ್ಣು ಹಿಡಿದು ಒತ್ತಿ, ಮೊಣಕಾಲಿನ ಎತ್ತರದಿಂದ ಕೆಳಗೆ ಬಿಡುತ್ತಿದ್ದರು. ಉಂಡೆ ಹಾಗೆಯೇ ಬಿದ್ದರೆ ಮನೆಗೆ ವಾಪಸ್. ಬಿದ್ದು ಬಿರಿದರೆ ಕೂರಿಗೆ ಕಟ್ಟುವುದು. ಅದೇ ಕೈ ಸಂಜೆ ಅವ್ವನ ರೊಟ್ಟಿ ಹಿಟ್ಟನ್ನು ಮುಟ್ಟಿದರೆ ಅವ್ವ ಕೇಳುತ್ತಿದ್ದ ಮಾತೂ ಅದೇ: “ಹದ ಬಂದೈತೇನು?” ಸಮಗಾರರು ತೊಗಲಿಗೆ ಹದ ಎಂದರು, ಕಂಬಾರರು ಕಾದ ಕಬ್ಬಿಣಕ್ಕೆ ಹದ ಎಂದರು, ಹಾಡುವವರು ಡಪ್ಪಿನ ಚರ್ಮಕ್ಕೂ ತಮ್ಮ ಕೊರಳಿಗೂ ಹದ ಎಂದರು. ಕಾವ್ಯಮೀಮಾಂಸೆಯ ಪುಸ್ತಕಗಳನ್ನು ನಾನು ಓದಿದ್ದೇನೆ, ಪಾಠ ಮಾಡಿದ್ದೇನೆ. ಔಚಿತ್ಯ ಎಂಬ ಅಧ್ಯಾಯ ಬಂದಾಗಲೆಲ್ಲ ಆ ಮುಷ್ಟಿ ಮಣ್ಣು ನೆನಪಾಗುತ್ತಿತ್ತು.

ನಾನು ಹನ್ನೊಂದು ವರ್ಷದವನಿದ್ದಾಗ ಮೊದಲ ಸಲ ಎಡಿ ಹೊಡೆಯಲು ನಿಂತೆ. ಎಡಿಕುಂಟಿ ಗೊತ್ತಿಲ್ಲದ ಮಕ್ಕಳು ಈ ಸಭೆಯಲ್ಲಿ ಇದ್ದಾರೆ, ಅವರಿಗಾಗಿ ಹೇಳುತ್ತೇನೆ. ಜೋಳದ ಸಾಲುಗಳ ನಡುವೆ ಸಣ್ಣ ಕುಂಟಿ ಹಾಯಿಸಿದರೆ ಕಸವೂ ಹೋಗುತ್ತದೆ, ಎರಿಯ ಬಿರುಕುಗಳೂ ಮುಚ್ಚಿ ಒಳಗಿನ ಹಸಿ ಹಾರಿಹೋಗದೆ ಉಳಿಯುತ್ತದೆ. ಮಳೆಯಿಲ್ಲದ ಊರಿನಲ್ಲಿ ನೀರು ಹಾಯಿಸುವುದೆಂದರೆ ಇದೇ. ಎತ್ತುಗಳ ಬಾಯಿಗೆ ಕುಕ್ಕಿ ಕಟ್ಟಿರುತ್ತಾರೆ, ಪೈರಿಗೆ ಬಾಯಿ ಹಾಕಬಾರದೆಂದು. ಕಾಲಿಗೆ ಯಾರೂ ಏನೂ ಕಟ್ಟುವುದಿಲ್ಲ. ಸಾಲಿನ ಅಗಲ ಒಂದೂವರೆ ಗೇಣು. ಆ ಇಕ್ಕಟ್ಟಿನಲ್ಲಿ ನಾಲ್ಕು ಕ್ವಿಂಟಲ್ ತೂಗುವ ಎತ್ತು ಒಂದು ಸಸಿಯನ್ನೂ ತುಳಿಯದೆ ನಡೆಯುತ್ತದೆ. ನಾನು ಮಾತ್ರ ಕುಂಟಿಯ ಮೇಣಿ ಹಿಡಿದು ಎಡಕ್ಕೆ ಎಳೆದೆ, ಹತ್ತು ಮಾರು ಪೈರು ಕೊಯ್ದುಹೋಯಿತು. ಅಪ್ಪ ಬೈಯಲಿಲ್ಲ. “ನೀ ಕುಂಟಿ ನೋಡಬ್ಯಾಡ, ಎತ್ತಿನ ಕಿವಿ ನೋಡು. ಕಾಲು ಎತ್ತ ಹೊಂಟೈತಿ ಅಂತ ಕಿವಿ ಮದಲ ಹೇಳತೈತಿ” ಎಂದರು. ಎಡಗಡೆಯ ಎತ್ತು ಮಾಸ ಬಣ್ಣದ್ದು. ಅದರ ಬಲಗಿವಿ ಸ್ವಲ್ಪ ಹಿಂದಕ್ಕೆ ವಾಲಿದರೆ ಎರಡು ಹೆಜ್ಜೆಯಲ್ಲಿ ಅದು ಬಲಕ್ಕೆ ಸರಿಯುತ್ತಿತ್ತು. ಸಂಜೆಯ ಹೊತ್ತಿಗೆ ನನಗೆ ಹೊಲ ಕಾಣಿಸುತ್ತಿರಲಿಲ್ಲ, ಆ ಕಿವಿಯೊಂದೇ ಕಾಣಿಸುತ್ತಿತ್ತು. ಅದರ ಅಂಚಿನಲ್ಲಿ ಕೂದಲು ಉದುರಿ ಹೊಳೆಯುವ ಕಾಸಿನಗಲದ ಒಂದು ಜಾಗವಿತ್ತು. ಐವತ್ತು ವರ್ಷದ ಮೇಲೆ ಇವತ್ತು ಕಣ್ಣು ಮುಚ್ಚಿದರೂ ಅದು ಕಾಣುತ್ತದೆ. ಒಂದು ವಸ್ತುವನ್ನು ಪೂರ್ತಿಯಾಗಿ ನೋಡುವುದು ಎಂದರೇನು ಎಂದು ನನಗೆ ಕಲಿಸಿದ್ದು ಅದು. ನಂತರ ಓದಿದ ಪುಸ್ತಕಗಳನ್ನು ನಾನು ಆ ಕಣ್ಣಿನಿಂದಲೇ ಓದಿದೆ.

ರಾತ್ರಿ ಅಪ್ಪ ಮಲಗುತ್ತಿದ್ದುದು ಗ್ವಾದಲಿಯ ಪಕ್ಕದಲ್ಲಿ. ಎತ್ತುಗಳು ಮೆಲಕು ಹಾಕುವ ಸಪ್ಪಳ ಇರುವವರೆಗೆ ಗಾಢ ನಿದ್ದೆ. ಸಪ್ಪಳ ನಿಂತರೆ ಎದ್ದು ಕೂರುತ್ತಿದ್ದರು. ಸದ್ದಿಗೆ ಎಚ್ಚರಾಗುವವರನ್ನು ಎಲ್ಲರೂ ಕಂಡಿದ್ದೇವೆ, ಸದ್ದು ನಿಂತದ್ದಕ್ಕೆ ಎಚ್ಚರಾಗುವವರು ದನ ಕಟ್ಟಿದವರು. ಕಂದೀಲು ಹಿಡಿದು ಮೂಗಿನ ತುದಿ ಮುಟ್ಟಿ ನೋಡುವುದು, ತಣ್ಣಗೆ ತೇವ ಇದೆಯೋ ಒಣಗಿದೆಯೋ; ಕಿವಿಯ ಬುಡ ಮುಟ್ಟುವುದು; ಸೆಗಣಿ ನೋಡುವುದು. ಆಮೇಲೆ ಅವ್ವನನ್ನು ಕರೆದು ಓಮ-ಬೆಲ್ಲವೋ ಇನ್ನೊಂದೋ ಅರೆಸಿ, ಗೊಟ್ಟದಲ್ಲಿ ತುಂಬಿ ಕುಡಿಸುವುದು. ಮುಂಜಾನೆ ನೆರೆಯವರಿಗೆ ಆ ರಾತ್ರಿಯನ್ನು ಅಪ್ಪ ಹೇಳುತ್ತಿದ್ದ ರೀತಿ! ಯಾವ ಗಳಿಗೆಗೆ ಸಪ್ಪಳ ನಿಂತಿತು, ಎತ್ತು ತನ್ನ ಹೊಟ್ಟೆಯ ಕಡೆ ಹೇಗೆ ತಿರುಗಿ ನೋಡಿತು, ಮೊದಲ ಮೆಲಕು ಮತ್ತೆ ಯಾವಾಗ ಬಂತು. ಅಲ್ಲಿ ಕತೆಯ ಕಟ್ಟಡ ಇತ್ತು, ತಡೆದು ಹೇಳುವ ಜಾಣ್ಮೆ ಇತ್ತು. ಕೇಳುವವರು ಬೀಡಿ ಹಚ್ಚುವುದನ್ನು ಮರೆಯುತ್ತಿದ್ದರು. ಹಳೆಯ ನೆನಪನ್ನು ಮತ್ತೆ ತರುವುದಕ್ಕೆ ಕನ್ನಡ ಮೆಲುಕು ಹಾಕುವುದು ಎಂದೇ ಹೆಸರಿಟ್ಟಿದೆ. ಆ ಹೆಸರಿಟ್ಟವರು ಗ್ವಾದಲಿಯ ಪಕ್ಕ ಮಲಗಿದವರೇ ಇರಬೇಕು.

ಹೆಸರಿಡುವುದರಲ್ಲಿ ನಮ್ಮವರ ಕಣ್ಣು ಎಷ್ಟು ಚುರುಕು ನೋಡಿ. ಹಂಡ, ಮಾಸ, ಕೆಂದ ಎಂದು ಮೈಬಣ್ಣಕ್ಕೆ ಹೆಸರು. ಹಾಲಹಲ್ಲು, ಎರಡಹಲ್ಲು, ನಾಕಹಲ್ಲು, ಬಾಯಿಗೂಡಿದ್ದು ಎಂದು ವಯಸ್ಸಿಗೆ ಹೆಸರು. ಮೈಮೇಲಿನ ಒಂದೊಂದು ಸುಳಿಗೆ ಒಂದೊಂದು ಅರ್ಥ. ನಮ್ಮ ಖಿಲಾರಿ ತಳಿಯ ಕರು ಹುಟ್ಟುವಾಗ ನೆತ್ತಿಯ ಮೇಲೆ ತುಕ್ಕಿನ ಕೆಂಪು ಇರುತ್ತದೆ, ಎರಡು ತಿಂಗಳಲ್ಲಿ ಮಾಯವಾಗಿ ಮೈಯೆಲ್ಲ ಬೆಳ್ಳಗಾಗುತ್ತದೆ. ಈ ಸಂಗತಿ ಜಾನುವಾರು ಶಾಸ್ತ್ರದ ಪುಸ್ತಕಗಳಲ್ಲಿದೆ. ನಮ್ಮವ್ವನ ಬಾಯಲ್ಲಿ ಇದ್ದದ್ದು ಬೇರೆ: ಕರು ತಾಯಿಯ ಹೊಟ್ಟೆಯಿಂದ ಬರುವಾಗ ಕುಂಕುಮ ಹಚ್ಚಿಕೊಂಡು ಬರುತ್ತದೆ, ಹಾಲು ಕುಡಿದು ಕುಡಿದು ತೊಳೆದುಹೋಗುತ್ತದೆ. ಎರಡೂ ನಿಜವನ್ನೇ ಹೇಳುತ್ತವೆ. ಎರಡಕ್ಕೂ ಕರುವನ್ನು ಎರಡು ತಿಂಗಳು ದಿನವೂ ನೋಡಿರಬೇಕು. ಎರಿ ಬಯಲಿನಲ್ಲಿ ಓಡಾಡುವ ದೊಡ್ಡ ಹಕ್ಕಿಗೆ ಎರೆಭೂತ ಎಂದರು ನಮ್ಮವರು. ಮಣ್ಣಿನ ಹೆಸರನ್ನೇ ಹಕ್ಕಿಗೆ ಇಟ್ಟರು. ಅಷ್ಟು ಎತ್ತರದ ಹಕ್ಕಿ ನಡುಹೊಲದಲ್ಲಿ ನಿಂತಲ್ಲೇ ಕಾಣದಾಗುವುದನ್ನು ಕಂಡು ಭೂತ ಎಂದು ಸೇರಿಸಿದರು. ಕರ್ನಾಟಕದಲ್ಲಿ ಆ ಹಕ್ಕಿ ಈಗ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಹಕ್ಕಿಯ ಜೊತೆಗೆ ಆ ಹೆಸರೂ ಹೋಗುತ್ತದಲ್ಲ ಎಂಬುದು ಭಾಷೆಯ ಮಾಸ್ತರನಾದ ನನ್ನ ದುಃಖ.

ಈಗ ಸಿಂದಗಿ ತಾಲೂಕಿನ ಗೋಲಗೇರಿಗೆ ಬರುತ್ತೇನೆ. ಅಲ್ಲಿಯ ಗೊಲ್ಲಾಳೇಶ್ವರನ ಗುಡಿ ನಿಮಗೆಲ್ಲ ಗೊತ್ತು. ಕುರಿ ಕಾಯುತ್ತಿದ್ದ ಗೊಲ್ಲಾಳ ಶರಣರ ಸಾಲಿಗೆ ಸೇರಿದವನು, ಅವನ ಹೆಸರಿನ ವಚನಗಳೂ ಉಳಿದಿವೆ. ಜನ ಹೇಳುವ ಕತೆ ಹೀಗಿದೆ. ಶ್ರೀಶೈಲಕ್ಕೆ ಹೊರಟವರೊಬ್ಬರಿಗೆ ಗೊಲ್ಲಾಳ ನನಗೊಂದು ಲಿಂಗ ತನ್ನಿರೆಂದು ಬೇಡಿದ. ಅವರು ಮರೆತು ಬಂದರು. ಕೇಳಿದಾಗ ಕುರಿಯ ಹಿಕ್ಕೆಯೊಂದನ್ನು ಕೊಟ್ಟು ಇದೇ ಲಿಂಗ ಎಂದರು. ಗೊಲ್ಲಾಳ ಅದಕ್ಕೆ ದಿನವೂ ಕುರಿಯ ಹಾಲೆರೆದ, ಹಿಕ್ಕೆ ಲಿಂಗವಾಯಿತು. ಮುಗ್ಧ ಭಕ್ತಿಯ ಮಹಿಮೆ ಎಂದು ಈ ಕತೆಯನ್ನು ಪುರಾಣದಲ್ಲಿ ಹೇಳುತ್ತಾರೆ. ಒಮ್ಮೆ ಡೋಣಿಯ ದಂಡೆಯಲ್ಲಿ ಹಟ್ಟಿ ಹಾಕಿದ್ದ ಕುರಿಗಾರರ ಜೊತೆ ರಾತ್ರಿ ಉಳಿದಾಗ ನನಗೆ ಇದರ ಇನ್ನೊಂದು ಮೈ ಕಂಡಿತು. ಬೆಳಗಾದ ಕೂಡಲೆ ಹಿರಿಯ ಕುರಿಗಾರ ಮಾಡಿದ ಮೊದಲ ಕೆಲಸ ಹಟ್ಟಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಿಕ್ಕೆ ನೋಡುವುದು. ಗಟ್ಟಿಯಾಗಿ ದುಂಡಗಿದ್ದರೆ ಮೈ ನೆಟ್ಟಗಿದೆ, ಮೆತ್ತಗಾದರೆ ಯಾವುದೋ ಕುರಿ ಬ್ಯಾನಿ ಬೀಳುತ್ತದೆ, ಒಳಗಿನ ನಾರು ನೋಡಿದರೆ ನಿನ್ನೆ ಏನು ಮೇದಿದೆ ಎಂಬುದು ತಿಳಿಯುತ್ತದೆ. ಅವನಿಗೆ ಅದು ಹೊಲಸಲ್ಲ, ಮುಂಜಾನೆಯ ಪತ್ರ. ಕೊಟ್ಟವನ ಮನಸ್ಸಿನಲ್ಲಿ ಅದು ಅಪಹಾಸ್ಯ. ಪಡೆದವನ ಕೈಯಲ್ಲಿ ಅದು ದಿನವೂ ಹುಟ್ಟುಬೆಳಗ್ಗೆ ಬಗ್ಗಿ ಓದುವ ವಸ್ತು. ಬಗ್ಗುವ ಅಭ್ಯಾಸ ಅವನಿಗೆ ಮೊದಲೇ ಇತ್ತು, ದೇವರು ಆಮೇಲೆ ಬಂದ. ಜೀವನದ ಅರ್ಥ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ಗೋಲಗೇರಿಯ ಕುರಿಗಾರ ಬೆರಳು ತೋರಿಸಿದ್ದು ಕಾಲ ಕೆಳಗಿನ ನೆಲಕ್ಕೆ.

ಬಾಗೇವಾಡಿಯ ಬಗ್ಗೆ ಒಂದೇ ಮಾತು. ಬಸವ ಎಂಬ ಹೆಸರು ವೃಷಭದ ತದ್ಭವ. ಹನ್ನೆರಡನೆಯ ಶತಮಾನದ ಅಷ್ಟು ದೊಡ್ಡ ಬದುಕು ಹೊತ್ತದ್ದು ಎತ್ತಿನ ಹೆಸರನ್ನು. ನಮ್ಮ ಮನೆಗಳಲ್ಲಿ ಇಂದಿಗೂ ಹೋರಿಗರುವಿಗೂ ಮೊಮ್ಮಗನಿಗೂ ಅದೇ ಹೆಸರಿಡುತ್ತಾರೆ, ಕೂಗಿದರೆ ಎರಡೂ ತಿರುಗಿ ನೋಡುತ್ತವೆ.

ಕಣಕ್ಕೆ ಹೋಗೋಣ. ಹಂತಿ ಕಟ್ಟುವುದನ್ನು ಕಂಡವರು ಈಗ ಅರವತ್ತು ದಾಟಿದವರು. ನಡುವೆ ಮೇಟಿ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು, ಕೆಳಗೆ ಜೋಳದ ತೆನೆ. ಮೇಟಿಯ ಹತ್ತಿರದ ಎತ್ತು ನಡೆಯುವ ದಾರಿ ಕಡಿಮೆ, ಅಂಚಿನದು ನಡೆಯುವುದು ಬಹಳ. ಅದಕ್ಕೆ ಮುದಿ ಎತ್ತನ್ನು ಮೇಟಿಯ ಮಗ್ಗುಲಿಗೆ ಕಟ್ಟುತ್ತಿದ್ದರು, ಚುರುಕಿನ ಹೋರಿಯನ್ನು ಅಂಚಿಗೆ. ಮುದಿ ಎತ್ತಿಗೂ ಕೆಲಸ ಇತ್ತು, ಅದರ ಶಕ್ತಿಗೆ ತಕ್ಕ ಕೆಲಸ. ರಾತ್ರಿ ತಂಪಿನಲ್ಲಿ ಹಂತಿ ನಡೆಯುವಾಗ ಹಿಂದೆ ಹೋಗುವವರು ಹಾಡುತ್ತಿದ್ದರು. ಒಬ್ಬರು ಎತ್ತಿಕೊಂಡರೆ ಇನ್ನೊಬ್ಬರು ಹೊರಳಿಸುವರು. ಆ ಹಾಡಿನ ನಡೆ ಎತ್ತಿನ ನಡೆಯೇ. ಅದಕ್ಕಿಂತ ಬಿರುಸಾದರೆ ಎತ್ತು ಗೊಂದಲಗೊಳ್ಳುತ್ತದೆ, ನಿಧಾನವಾದರೆ ನಿಂತುಬಿಡುತ್ತದೆ. ನಿದ್ದೆ ತಡೆಯಲು ಹಾಡಿದರು ಎಂದು ಪುಸ್ತಕಗಳು ಹೇಳುತ್ತವೆ. ಅದು ಅರ್ಧ ಸತ್ಯ. ಹಾಡು ನಿಂತರೆ ನಮ್ಮ ಎತ್ತುಗಳೂ ನಿಂತು ಹಿಂದಿರುಗಿ ನೋಡುತ್ತಿದ್ದವು. ಅವೂ ಕೇಳುಗರು.

ಇದನ್ನೆಲ್ಲ ಕಾಗದದ ಮೇಲೆ ಉಳಿಸಿದ ಊರು ಹಲಸಂಗಿ. ಆಗ ಇಂಡಿ ತಾಲೂಕಿನಲ್ಲಿತ್ತು, ಈಗ ಚಡಚಣ ತಾಲೂಕಿಗೆ ಸೇರಿದೆ. ಮಧುರಚೆನ್ನ ಎಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ, ಇವರನ್ನು ನಾಡು ಹಲಸಂಗಿ ಗೆಳೆಯರು ಎಂದು ಕರೆಯಿತು. ಮಧುರಚೆನ್ನರು ಹುಟ್ಟಿದ್ದು 1903ರಲ್ಲಿ, ಸಿಂಪಿಯವರು 1905ರಲ್ಲಿ. ಹೆಚ್ಚಿನ ಓದಿಲ್ಲದ ಹಳ್ಳಿಯ ಬದುಕು ಅವರದು. ಇವರು ಕೂಡಿಸಿದ ಜನಪದ ಹಾಡುಗಳ ‘ಗರತಿಯ ಹಾಡು’ 1931ರಲ್ಲಿ ಬಂತು, ‘ಜೀವನ ಸಂಗೀತ’ 1933ರಲ್ಲಿ, ‘ಮಲ್ಲಿಗೆ ದಂಡೆ’ 1935ರಲ್ಲಿ. ಧಾರವಾಡದ ಬೇಂದ್ರೆಯವರೂ ಮೈಸೂರು ಕಡೆಯ ಬಿ.ಎಂ.ಶ್ರೀಯವರೂ ಈ ಹಾಡುಗಳಿಗೆ ತಲೆಬಾಗಿದರು. ಊರ ಲಾವಣಿಕಾರ ಖಾಜಾಭಾಯಿಯ ಪದಗಳಿಗೂ ಈ ಗೆಳೆಯರಿಂದ ಗೌರವ ಬಂತು. ಆ ಕಾಲದಲ್ಲಿ ಓದಿದ ಹುಡುಗರ ಕಣ್ಣು ಪುಣೆಯ ಕಡೆ, ಮುಂಬಯಿಯ ಕಡೆ. ಇವರು ತಮ್ಮ ಮನೆಯ ಒಳಗೋಡೆಗೆ ಕಿವಿ ಹಚ್ಚಿದರು. ಆ ಗೋಡೆಯಾಚೆ ಬೀಸುಕಲ್ಲು ಇತ್ತು.

ಬೀಸುವ ಹೆಣ್ಣುಮಕ್ಕಳ ಲೋಕದಲ್ಲಿ ಯಾರು ಯಾರಿದ್ದಾರೆ ಎಂದು ‘ಗರತಿಯ ಹಾಡು’ ತೆರೆದು ಎಣಿಸುತ್ತ ಹೋಗಿ. ತವರಿನ ಅಣ್ಣತಮ್ಮಂದಿರು, ತೊಟ್ಟಿಲ ಕೂಸು, ಶಿವ, ಅವರ ಜೊತೆಯಲ್ಲೇ ಎತ್ತು, ಆಕಳು, ಗಿಳಿ, ಹೊಲ, ಬಳ್ಳಿ. ಅಲಂಕಾರಕ್ಕೆಂದು ಕರೆತಂದವಲ್ಲ ಅವು, ಮನೆಯ ಮಂದಿ. ನಸುಕಿನಲ್ಲಿ ಎದ್ದು ಅವ್ವ ಬೀಸಲು ಕೂತಾಗ ನಾನು ಅವಳ ತೊಡೆಯ ಮೇಲೆ ಮಲಗಿದ್ದು ನೆನಪಿದೆ. ಗೂಟ ಹಿಡಿದ ಕೈ ಮುಂದೆ ಹೋಗಿ ಮೈ ಬಾಗಿದಾಗ ಒಂದು ಉಸಿರು, ಕಲ್ಲು ಸುತ್ತಿ ಮೈ ಹಿಂದೆ ಬಂದಾಗ ಒಂದು ಉಸಿರು, ಕಾಳು ಸುರಿಯಲು ನಿಂತಾಗ ಒಂದು. ತ್ರಿಪದಿಯ ಮೂರು ಸಾಲನ್ನು ಗಣ ಹಾಕಿ ಕಲಿಯುವ ಮೊದಲೇ ನನ್ನ ಕೆನ್ನೆ ಅವಳ ಹೊಟ್ಟೆಯ ಮೇಲೆ ಕಲಿತಿತ್ತು. ಹಿತ್ತಲಲ್ಲಿ ಎಮ್ಮೆ ಒದರಿದರೆ ಹಾಡಿನ ನಡುವೆಯೇ “ಬಂದೆ ತಡಿಯವ್ವ” ಎಂದು ಅದಕ್ಕೂ ಉತ್ತರ ಕೊಟ್ಟು ಹಾಡನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದಳು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನಮ್ಮೂರಿಗೆ ಹಿಟ್ಟಿನ ಗಿರಣಿ ಬಂದ ದಿನ ನಮ್ಮವ್ವ ಅತ್ತಿದ್ದಳು, ಸಂತೋಷಕ್ಕೆ. ಅವಳ ಅಂಗೈಯಲ್ಲಿ ಗೂಟದ ದಡ್ಡು ಸಾಯುವವರೆಗೆ ಹೋಗಲಿಲ್ಲ. ಹಾಡು ಚಂದವಿತ್ತೆಂದು ಆ ದಡ್ಡನ್ನು ಚಂದವೆನ್ನಲು ನನ್ನಿಂದ ಆಗದು. ಹಳ್ಳಿಯ ಬದುಕನ್ನು ಹೊಗಳುವ ಬರಹಗಳಲ್ಲಿ ಈ ಅಂಗೈ ಕಾಣುವುದಿಲ್ಲ, ಅದಕ್ಕೇ ಅವು ಹುಸಿಯಾಗುತ್ತವೆ. ಗರತಿಯರು ದುಡಿಮೆಯ ಕಷ್ಟದಿಂದ ಕವಿಗಳಾಗಲಿಲ್ಲ. ಕಷ್ಟವಂತೂ ಎಲ್ಲ ಕಡೆಯೂ ಇತ್ತು. ಕಷ್ಟದ ನಡುವೆಯೂ ಎಮ್ಮೆಯ ಒದರಿಗೆ ಉತ್ತರ ಕೊಡುವ ನಿಗಾ ಅವರಲ್ಲಿತ್ತು. ನಾವು ಗಿರಣಿಗೆ ಕಲ್ಲನ್ನು ಒಪ್ಪಿಸಿದ್ದು ಸರಿ. ಜೊತೆಗೇ ಉತ್ತರ ಕೊಡುವುದನ್ನೂ ಬಿಟ್ಟೆವು, ಅದು ತಪ್ಪಾಯಿತು.

ಕಾರ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗಳನ್ನು ನಾನು ವಿಸ್ತರಿಸುವುದಿಲ್ಲ, ನಿಮ್ಮ ಮನೆಯ ಹಬ್ಬಗಳು ಅವು. ಕರಿ ಹರಿಯುವಾಗ ಬಿಳಿ ಎತ್ತು ಮುಂದಾದರೆ ಹಿಂಗಾರಿ, ಕೆಂದೆತ್ತು ಮುಂದಾದರೆ ಮುಂಗಾರಿ ಎಂದು ವರ್ಷದ ಬೆಳೆಯನ್ನು ಎತ್ತಿನ ಓಟದಲ್ಲಿ ಓದಿದವರು ನಾವು. ಮಣ್ಣೆತ್ತಿನ ಅಮಾವಾಸ್ಯೆಯದು ಮಾತ್ರ ಹೇಳಬೇಕು. ಎರಿ ಮಣ್ಣು ಮಿದ್ದು ಮಕ್ಕಳು ಎತ್ತು ಮಾಡುತ್ತಾರೆ. ಕೋಡಿನ ಬಾಗು, ಹಿಣಿಲಿನ ಉಬ್ಬು, ಗಂಗೆದೊಗಲಿನ ಮಡಿಕೆ, ಇವನ್ನು ಯಾರೂ ಕಲಿಸಿರುವುದಿಲ್ಲ. ಮರುದಿನ ಮಣ್ಣೆತ್ತನ್ನು ಹಲಗೆಯ ಮೇಲಿಟ್ಟುಕೊಂಡು, ನಮ್ಮ ಎತ್ತಿಗೆ ಕಾಲು ಕುಂಟಾಗಿದೆ, ಜೋಳ ನೀಡಿ ಎಂದು ಹಾಡಿ ಮನೆಮನೆಗೆ ಬೇಡುತ್ತಾರೆ. ಗೆದ್ದ ಎತ್ತಿನ ಹೆಸರಲ್ಲಿ ಬೇಡುವುದಿಲ್ಲ, ಕುಂಟಾದ ಎತ್ತಿನ ಹೆಸರಲ್ಲಿ ಬೇಡುತ್ತಾರೆ. ಯಾವ ಕಾಲದಲ್ಲೋ ಯಾವುದೋ ಮಗು ಕಟ್ಟಿದ ಈ ಆಟದಲ್ಲಿ ಇರುವ ಕರುಣೆಯನ್ನು ನೆನೆದಾಗ ನನಗೆ ಮಾತು ನಿಲ್ಲುತ್ತದೆ.

ಶಾಲೆಯ ಒಂದು ಘಟನೆ. ಎಂಟನೆಯ ತರಗತಿಗೆ ಆಕಳ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆ. ಐವತ್ತೆರಡು ಪುಸ್ತಕಗಳಲ್ಲಿ ಒಂದೇ ಪ್ರಬಂಧ: ಆಕಳು ಸಾಧು ಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ. ಮುಂಜಾನೆ ದನ ಹೊಡೆದು, ಸೆಗಣಿ ಬಳಿದು, ಮೈಯಲ್ಲಿ ಕೊಟ್ಟಿಗೆಯ ವಾಸನೆ ಇಟ್ಟುಕೊಂಡು ಬಂದ ಮಕ್ಕಳು ಗೈಡಿನ ಆಕಳನ್ನು ಬರೆದಿದ್ದರು. ಮರುದಿನ ಪ್ರಶ್ನೆ ಬದಲಿಸಿದೆ: ನಿಮ್ಮ ಮನೆಯ ದನ ಇವತ್ತು ಮುಂಜಾನೆ ಏನು ಮಾಡಿತು? ನಿಮ್ಮ ಮಾತಿನಲ್ಲೇ ಬರೆಯಿರಿ. ಹಿಂದಿನ ಬೆಂಚಿನ ಹುಡುಗನೊಬ್ಬ, ವರ್ಷವಿಡೀ ಬಾಯಿ ಬಿಡದವನು, ಅರ್ಧ ಪುಟ ಬರೆದ. ಅವರ ಎಮ್ಮೆಯ ಕರು ಸತ್ತು ನಾಲ್ಕು ದಿನವಾಗಿತ್ತು. ಹಾಲು ಬಿಡಲೆಂದು ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸಿದ್ದರು. “ಎಮ್ಮಿ ಅದನ್ನ ಮೂಸಿ ನೋಡ್ತು. ನೆಕ್ಕಿತು. ಆಮ್ಯಾಲ ನಮ್ಮವ್ವನ ಮಾರಿ ನೋಡ್ತು. ಅದಕ ಗೊತ್ತಾಗೈತಿ ಅಂತ ಅವ್ವಗ ಗೊತ್ತಾತು. ಆದರೂ ಹಾಲು ಬಿಡ್ತು” ಎಂದು ಅವನು ಬರೆದಿದ್ದ. ನಾನು ಕೆಂಪು ಪೆನ್ನನ್ನು ಕೆಳಗಿಟ್ಟೆ. ಆ ಐದು ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಎಮ್ಮೆ, ತಾಯಿ, ಹುಡುಗ, ಮೂವರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ, ಮೂವರಿಗೂ ಗೊತ್ತಿದೆ, ಯಾರೂ ಹೇಳುತ್ತಿಲ್ಲ. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಈಗ ನಾಡು ಬದಲಾಗಿದೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಹಿನ್ನೀರಿನಲ್ಲಿ ನಮ್ಮ ನಂಟರ ಊರುಗಳು ಮುಳುಗಿದವು; ಅದೇ ಕೃಷ್ಣೆ ಕಾಲುವೆಗಳಲ್ಲಿ, ಏತ ನೀರಾವರಿಗಳಲ್ಲಿ ಒಣ ಹೊಲಗಳಿಗೂ ಬಂತು. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ದ್ರಾಕ್ಷಿ, ದಾಳಿಂಬೆ, ಕಬ್ಬು ಬಂದಿವೆ. ಸಾಲ ತೀರಿಸಿದ ಮನೆಗಳಿವೆ, ಓದಿದ ಹೆಣ್ಣುಮಕ್ಕಳಿದ್ದಾರೆ. ಇದನ್ನು ಕಂಡು ನಾನು ಸಂತೋಷಪಡುತ್ತೇನೆ. ಆದರೆ ಒಂದು ಜೋಡಿ ಖಿಲಾರಿ ಎತ್ತನ್ನು ಕಟ್ಟಿ ಸಾಕುವ ಮೇವಿನ ಲೆಕ್ಕ ಸಣ್ಣ ಹಿಡುವಳಿಯವನಿಗೆ ಹೊಂದುತ್ತಿಲ್ಲ. ಕಬ್ಬು ಬಂದ ಹೊಲದಲ್ಲಿ ಜೋಳದ ಕಣಕಿ ಇಲ್ಲ. ಕಣಕಿ ಇಲ್ಲದ ಮೇಲೆ ಬಣವಿ ಇಲ್ಲ, ಎತ್ತೂ ಇಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ಹೊತ್ತಿನಲ್ಲಿ ತೊರವಿಯಲ್ಲಿ ಸೇರುವ ದನದ ಜಾತ್ರೆಗೆ ನಾನು ತಪ್ಪದೆ ಹೋಗುತ್ತೇನೆ. ದಸ್ತಿಯ ಕೆಳಗೆ ಬೆರಳು ಹಿಡಿದು ದರ ಹೇಳುವ ಕೈಗಳು ಇನ್ನೂ ಇವೆ, ಎಲ್ಲ ಮುದಿ ಕೈಗಳು. 2022ರಲ್ಲಿ ಚರ್ಮಗಂಟು ರೋಗ ಬಂದು ದನದ ಸಂತೆ, ಜಾತ್ರೆಗಳು ನಿಂತಾಗ ಮನೆಮನೆಯಲ್ಲಿ ಬೇವಿನ ಎಲೆ ಅರೆದು ಗಾಯಕ್ಕೆ ಹಚ್ಚುತ್ತ ರಾತ್ರಿ ಕಳೆದವರನ್ನು ಕಂಡೆ. ಅವರಲ್ಲಿ ಇಪ್ಪತ್ತು ವರ್ಷದ ಹುಡುಗರೂ ಇದ್ದರು. ಮೊಬೈಲಿನ ಬೆಳಕು ಹಿಡಿದು ಮೂಗಿನ ತುದಿ ಮುಟ್ಟಿ ನೋಡುತ್ತಿದ್ದರು, ನಮ್ಮಪ್ಪ ಕಂದೀಲು ಹಿಡಿದು ನೋಡಿದ ಹಾಗೆಯೇ.

ಆದ್ದರಿಂದ ಎತ್ತುಗಳೆಲ್ಲ ವಾಪಸ್ ಬರಲಿ ಎಂದು ನಾನು ಕೇಳುವುದಿಲ್ಲ. ನನ್ನ ಕೋರಿಕೆ ಚಿಕ್ಕದು. ನಮ್ಮ ನಾಲ್ಕು ತಾಲೂಕಿನ ಶಾಲೆಗಳಲ್ಲಿ ಮಕ್ಕಳು ತಮ್ಮ ಮನೆಯ ಆಡು, ಕೋಳಿ, ನಾಯಿ, ಹೊಲದ ಹಕ್ಕಿಯ ಬಗ್ಗೆ ತಾವೇ ನೋಡಿದ್ದನ್ನು ತಮ್ಮದೇ ಮಾತಿನಲ್ಲಿ ಬರೆಯಲಿ. ಚೆನ್ನಮಲ್ಲಪ್ಪನವರು, ಲಿಂಗಣ್ಣನವರು, ರೇವಪ್ಪನವರು ಅವ್ವಂದಿರ ಬಾಯಿಗೆ ಕಿವಿಯಿಟ್ಟ ಹಾಗೆ ನಾವು ಮಾಸ್ತರರು ಮಕ್ಕಳ ಬಾಯಿಗೆ ಕಿವಿಯಿಡೋಣ. ಈ ದತ್ತಿಯ ಮುಂದಿನ ವರ್ಷದ ಪುಸ್ತಿಕೆಯಲ್ಲಿ ಉಪನ್ಯಾಸಕ್ಕೆ ಅರ್ಧ, ಆ ಮಕ್ಕಳ ಬರಹಕ್ಕೆ ಅರ್ಧ ಜಾಗ ಕೊಡಬೇಕೆಂದು ದತ್ತಿಯ ಮನೆಯವರನ್ನು ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ.

ಎಮ್ಮೆಯ ಬಗ್ಗೆ ಬರೆದ ಆ ಹುಡುಗ ಹತ್ತನೆಯದರ ಮೇಲೆ ಓದಲಿಲ್ಲ. ಬಾಗೇವಾಡಿ ಕಡೆ ಬಾಡಿಗೆ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಈಗ ಅವನಿಗೆ ಎರಡು ಮಕ್ಕಳು. ಹೋದ ಮುಂಗಾರಿನಲ್ಲಿ ಒಂದು ದಿನ ಫೋನು ಮಾಡಿದ. “ಸರ, ಇಲ್ಲಿ ಒಂದು ಹೊಲಕ್ಕ ಬರ್ರಿ, ನಿಮಗೊಂದು ತೋರಸ್ತೀನಿ” ಎಂದ. ಹೋದೆ. ಆರು ಎಕರೆ ಎರಿ, ನೇಗಿಲ ಗೆರೆ ಬಿದ್ದು ಕಪ್ಪಗೆ ಹೊರಳಿತ್ತು. ನಡುವೆ ಒಂದು ಕಡೆ ಗೆರೆಗಳೆಲ್ಲ ಬಾಗಿ ಸುತ್ತಿಕೊಂಡು ಹೋಗಿದ್ದವು, ಅಲ್ಲಿ ಬಂಡಿಯ ಗಾಲಿಯಷ್ಟು ಅಗಲದ ನೆಲ ಹರಗದೆ ಉಳಿದಿತ್ತು. ನನಗೆ ಏನೂ ಕಾಣಲಿಲ್ಲ. ಅವನು ಕೂತು ಬೆರಳು ತೋರಿಸಿದ. ಮಣ್ಣಿನ ಹೆಂಟೆಯ ಬಣ್ಣದ್ದೇ ಚುಕ್ಕೆ ಚುಕ್ಕೆಯ ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿ ಇಟ್ಟದ್ದು. ಟಿಟ್ಟಿಭದ ಜೋಡಿ ನಮ್ಮ ತಲೆಯ ಮೇಲೆ ಚೀರುತ್ತ ಸುತ್ತುತ್ತಿತ್ತು. “ಟ್ರ್ಯಾಕ್ಟರ್ ಮ್ಯಾಲ ಕುಂತು ಇದು ನಿನಗ ಹ್ಯಾಂಗ ಕಂಡಿತೋ?” ಎಂದೆ. “ಮೊಟ್ಟಿ ಕಾಣಲಿಲ್ಲರಿ ಸರ. ಹಕ್ಕಿ ಕುಂಟಾಕತ್ತಿತ್ತು. ರೆಕ್ಕಿ ಮುರದಾಂಗ ಮಾಡಿ ನನ್ನ ಆ ಕಡೆ ಕರಿಯಾಕತ್ತಿತ್ತು. ಅದರ ಕಣ್ಣು ಮಾತ್ರ ಈ ಕಡೆ ಇತ್ತು” ಎಂದ. ಹೊಲದ ಮಾಲೀಕರಿಗೆ ಆ ಗಾಲಿಯಗಲ ನೆಲದ ಬಾಡಿಗೆಯನ್ನು ಕಳೆದೇ ಲೆಕ್ಕ ಹೇಳಿದನಂತೆ. ನಾವು ಬದುವಿಗೆ ಬಂದು ನಿಂತ ಮೇಲೆ ಹಕ್ಕಿ ಇಳಿದು, ನಾಲ್ಕು ಹೆಜ್ಜೆ ನಡೆದು, ಮೊಟ್ಟೆಗಳ ಮೇಲೆ ಕೂತಿತು.